ಕೊನೆಯ ಫರ್ಮಾ

ಮೇ 12, ಸೋಮವಾರ. ಬೈಕುಲ್ಲಾ, ಮಧ್ಯಾಹ್ನ 1.40

ಬೆಳಿಗ್ಗೆಯಿಂದ ಮುನ್ನೂರು ಹಾಳೆ ಮಡಚಿದೆ. ಕಾನೂನಿನ ಪುಸ್ತಕ. ಓದಲು ಏನೂ ಇಲ್ಲ. ದೊಡ್ಡ ಹಾಳೆ, ಮೂರು ಮಡಿಕೆ, ಹದಿನಾರು ಪುಟ — ಒಂದು ಫರ್ಮಾ. ಮಡಚುವ ಮೊದಲು ಒಂದನೆಯ ಪುಟದ ಪಕ್ಕಕ್ಕೆ ಹದಿನಾರನೆಯದು ಕೂತಿರುತ್ತದೆ, ಅರ್ಧ ಪುಟಗಳು ತಲೆಕೆಳಗು. ಹೊಸಬರಿಗೆ ತಲೆ ಸುತ್ತುತ್ತದೆ. ನನಗೆ ಇಲ್ಲಿ ಹನ್ನೊಂದು ವರ್ಷ. ತಲೆಕೆಳಗಾದ ಇಂಗ್ಲಿಷನ್ನು ಸಲೀಸಾಗಿ ಓದುತ್ತೇನೆ. ನೆಟ್ಟಗಿದ್ದರೇ ತುಸು ತಡ.

ಊಟದ ಹೊತ್ತಿನಲ್ಲಿ ಗುರಲಿಂಗಪ್ಪ ಮಾಮಾನಿಗೆ ಹೇಳಿಬಿಟ್ಟೆ. ಬೈಂಡಿಂಗ್ ಖಾನೆ ಅವರದು, ಊರು ನಮ್ಮ ಇಂಡಿ ತಾಲೂಕಿನದೇ.

"ಮಾಮಾ, ಬಿ.ಎ. ಮಾಡಬೇಕಂತ ಮಾಡೀನಿ."

"ಮಾಡವಾ. ಯಾವುದರಾಗ?"

"ಇಂಗ್ಲಿಷ್ ಸಾಹಿತ್ಯದಾಗ."

ರೊಟ್ಟಿ ಮುರಿಯುವ ಕೈ ನಿಂತಿತು. "ಇಷ್ಟು ವರ್ಷ ಇಂಗ್ಲಿಷ್ ಪುಸ್ತಕ ಹೊಲದಿ. ಈಗ ಅದರಾಗ ಏನೈತಿ ಅಂತ ನೋಡೂ ಹಂಗಾತೇನು?"

"ಹೂಂರಿ. ಹೊಲಿಗಿ ಬಿಚ್ಚಿ ನೋಡಬೇಕಾಗೇತಿ."

ನಕ್ಕರು. ಕೆಲಸದ ಹೊತ್ತಿನ ಮಾತು ನಾನು ಎತ್ತುವ ಮೊದಲೇ ಬಟ್ಟಲು ತೊಳೆಯಲು ಎದ್ದು ಹೋದರು.

ಮೇ 18, ಭಾನುವಾರ. ದಹಿಸರ್, ಸಂಜೆ

ಶ್ರಾವ್ಯಾಳ ಮೊಬೈಲಿನಲ್ಲಿ ಫಾರ್ಮ್ ತುಂಬಿದೆವು. ಅಂಧೇರಿಯ ಕಾಲೇಜು. ಬೆಳಗಿನ ಕ್ಲಾಸು, ಏಳರಿಂದ ಹನ್ನೊಂದು. ಮಗಳು ಎಂಟನೆಯದು, ತಾಯಿ ಎಫ್‌ವೈಬಿಎ, ಅಂದರೆ ಬಿ.ಎ. ಮೊದಲ ವರ್ಷ. ಒಂದೇ ಮನೆಯಲ್ಲಿ ಎರಡು ಕಂಪಾಸ್ ಪೆಟ್ಟಿಗೆ...

"ಮಮ್ಮಿ, ಮೇಜರ್ ಕ್ಯಾ ಡಾಲೂಂ?"

"ಇಂಗ್ಲಿಷ್."

"ಶೂರ್ ಇದ್ದೀ? ಹಿಂದಿ ಈಸಿ ಇರ್ತದೆ ಬೋಲ್ತೇ ಹೈಂ."

"ಈಸಿ ಇದ್ದದ್ದು ನಿಮ್ಮಪ್ಪಗ ಕೊಡು."

ನಮ್ಮ ಮನೆಯವರು, ಸಂತು, ಗೋಡೆಗೆ ಒರಗಿ ಕಾಲು ಚಾಚಿದ್ದರು. ಟೈಲ್ಸ್ ಕೂರಿಸಿ ಕೂರಿಸಿ ಮೊಣಕಾಲು ಮಡಚಲು ಬರುವುದಿಲ್ಲ. "ನನಗ್ಯಾಕ? ನಾ ನಾಲ್ಕು ಟೈಲ್ಸ್ ನೆಟ್ಟಗ ಕುಂದ್ರಿಸಿದ್ರ ಸಾಕು. ನಿಮ್ಮವ್ವ ಸಾಹೇಬರ ಕತಿ ಓದಲಿ. ಮುಂಜಾನಿ ಚಾ ಯಾರು ಮಾಡ್ತಾರ, ಅದೊಂದು ಹೇಳ್ರಿ."

"ನೀನ," ಎಂದೆ.

"ಹಂಗಾರ ನನ್ನ ಮೇಜರ್ ಚಾ."

ಎಲ್ಲರೂ ಮಲಗಿದ ಮೇಲಲ್ಲ, ಎಲ್ಲರ ನಡುವೆ ಕೂತೇ ಕನಸು ಕಾಣುವುದು ನನಗೆ ರೂಢಿ. ಹನ್ನೊಂದು ವರ್ಷದಲ್ಲಿ ಎಷ್ಟೋ ಕಾದಂಬರಿ ನನ್ನ ಕೈ ದಾಟಿವೆ. ಒಂದೇ ಒಂದು ಬಿಟ್ಟರೆ ಯಾವುದನ್ನೂ ಮೊದಲಿನಿಂದ ಕೊನೆಯವರೆಗೆ ಓದಿಲ್ಲ. ಒಂದರ ನಾಲ್ಕನೆಯ ಫರ್ಮಾ, ಇನ್ನೊಂದರ ಒಂಬತ್ತನೆಯದು. ನಡುದಾರಿಯಲ್ಲಿ ಬಸ್ ಹತ್ತಿ ನಡುದಾರಿಯಲ್ಲೇ ಇಳಿದ ಹಾಗೆ. ಯಾರೋ ಹೆಂಗಸು ಮೆಟ್ಟಿಲಿಳಿದು ಬರುತ್ತಿರುತ್ತಾಳೆ, ಕೆಳಗೆ ಯಾರೋ ಕಾದಿರುತ್ತಾರೆ — ಹಾಳೆ ಮುಗಿಯುತ್ತದೆ. ಅವಳು ಇನ್ನೂ ಇಳಿಯುತ್ತಲೇ ಇದ್ದಾಳೆ. ಆ ಪುಸ್ತಕಗಳಲ್ಲಿ ಹಿಮ ಬೀಳುತ್ತದೆ. ನಾನು ಹಿಮ ನೋಡಿಲ್ಲ. ಬೀಸುವ ಕಲ್ಲಿನ ಸುತ್ತ ಬಿದ್ದ ಜೋಳದ ಹಿಟ್ಟು ಕಾಣುತ್ತದೆ. ಅವರ ದೊಡ್ಡ ಬಂಗಲೆಗಳ ಹಿತ್ತಲಲ್ಲೆಲ್ಲ ನಮ್ಮ ಊರಿನ ಬೇವಿನ ಮರ.

ಮೂರು ವರ್ಷ. ಆರು ಸೆಮಿಸ್ಟರ್. ಕಾವ್ಯ, ನಾಟಕ, ಕಾದಂಬರಿ. ರದ್ದಿ ಹಾಳೆಯ ಹಿಂದೆ ಬರೆದು ಅಡುಗೆಮನೆಯ ಬಾಗಿಲಿಗೆ ಅಂಟಿಸಿದೆ. ನೋಡುತ್ತಾ ನಿಂತರೆ ಹಾಲು ಉಕ್ಕಿತು.

ಜೂನ್ 3, ಮಂಗಳವಾರ. 8.32ರ ಲೋಕಲ್, ಲೇಡೀಸ್ ಡಬ್ಬಿ

ಕಿಟಕಿ ಸಿಕ್ಕಿದೆ. ಎದುರಿಗೆ ಸ್ನೇಹಲ್ — ದಾದರಿನ ಸೀರೆ ಅಂಗಡಿಯವಳು, ಆರು ವರ್ಷದ ಟ್ರೇನಿನ ಗೆಳತಿ. ನಿದ್ದೆ ಮಾಡುತ್ತಿದ್ದಾಳೆ. ನಮ್ಮ ನಾಲ್ಕು ಸೀಟಿಗೆ ನಾನೇ ಕತೆಯವಳು. ಬೈಂಡಿಂಗಿನಲ್ಲಿ ಓದಿದ್ದನ್ನು ಹಿಂದಿ-ಮರಾಠಿಯಲ್ಲಿ ಹೇಳುತ್ತೇನೆ, ದಿನಕ್ಕೆ ಒಂದಿಷ್ಟು. ಎಲ್ಲಕ್ಕಿಂತ ಹೆಚ್ಚು ನಡೆದದ್ದು ನಾನು ಪೂರ್ತಿ ಓದಿದ ಆ ಒಂದೇ ಪುಸ್ತಕ, ಗಡಿಯಾರದ ಅಂಗಡಿಯ ಮಾರ್ಥಾಳ ಕತೆ. ಬಂದರಿನ ಊರು. ತಮ್ಮ ಹಡಗು ಹತ್ತಿ ಹೋಗಿದ್ದಾನೆ. ಅಕ್ಕ ಗಡಿಯಾರಗಳಿಗೆ ಕೀಲಿ ಕೊಡುತ್ತಾ ಕಾಯುತ್ತಾಳೆ. ಹನ್ನೊಂದು ದಿನ ಹೇಳಿದ್ದೆ. ಇವರ ಬಾಯಲ್ಲಿ ಅವಳು ಮಾರ್ಥಾತಾಯಿ ಆಗಿಬಿಟ್ಟಳು, ಮರಾಠಿಯಲ್ಲಿ ತಾಯಿ ಎಂದರೆ ಅಕ್ಕ.

ಶರಣವ್ವ ಅಜ್ಜಿ ಕತೆ ಹೇಳುವುದನ್ನು ಕಲಿಸಿದ್ದು ನನಗೊಬ್ಬಳಿಗೆ. ಪಾಠವೇನಲ್ಲ. ಶೇಂಗಾ ಸುಲಿಯುತ್ತಾ ಹೇಳುವಳು, ನಾನು ಹೂಂ ಅನ್ನಬೇಕು. ಹೂಂ ತಪ್ಪಿದರೆ ಕತೆ ನಿಂತಿತು. ಒಂದೇ ಕತೆಗೆ ಅವಳ ಹತ್ತಿರ ಮೂರು ಕೊನೆ. ಮದುವೆಯಾಗುವ ಹುಡುಗಿ ಕೂತಿದ್ದರೆ ಒಂದು, ಗಂಡ ಸತ್ತವಳು ಕೂತಿದ್ದರೆ ಇನ್ನೊಂದು, ಮಕ್ಕಳಿದ್ದರೆ ರಾಕ್ಷಸ ಬೇಗ ಸಾಯುತ್ತಿದ್ದ. "ಕೇಳೋರ ಮಕ ನೋಡಿ ಕತಿ ಮುಗಸು," ಅನ್ನುವಳು. "ಹೊಟ್ಟಿ ತುಂಬಲಾರದ ಯಾರನ್ನೂ ಎಬ್ಬಸಬಾರದು."

ಮಲಾಡ್. ನೂಕಾಟ. ಮೊಣಕೈ ತಾಗಿ ಅಕ್ಷರ ಸೊಟ್ಟ.

ಜೂನ್ 16, ಸೋಮವಾರ. ಊಟದ ಹೊತ್ತು

ಕಾಲೇಜಿನಿಂದ ಮೆಸೇಜು. ಮಾರ್ಕ್ಸು ಸಾಲುತ್ತವೆ, ಆದರೆ ಹತ್ತನೆಯದಕ್ಕೂ ಹನ್ನೆರಡನೆಯದಕ್ಕೂ ನಡುವೆ ಹದಿನೆಂಟು ವರ್ಷದ ಗ್ಯಾಪ್ ಇದೆ. ಹಾಗಿದ್ದವರನ್ನು ಡಿಪಾರ್ಟ್‌ಮೆಂಟಿನವರು ಕರೆದು ಮಾತಾಡಿಸುತ್ತಾರೆ. ಅವರು ಹೂಂ ಅಂದರೆ ಇಂಗ್ಲಿಷ್ ಮೇಜರ್. ಇಲ್ಲವಾದರೆ ಇಲ್ಲ. 23ಕ್ಕೆ ಹೋಗಬೇಕು. ಗ್ಯಾಪ್ ಸರ್ಟಿಫಿಕೇಟ್ ಬೇರೆ ಬೇಕಂತೆ. ಆ ಹದಿನೆಂಟು ವರ್ಷ ನಾನು ಎಲ್ಲಿದ್ದೆ, ಏನು ಮಾಡಿದೆ ಅಂತ ಸ್ಟ್ಯಾಂಪ್ ಪೇಪರಿನ ಮೇಲೆ ಬರೆದುಕೊಡಬೇಕು. ಒಂದು ಪುಟದಲ್ಲಿ ಮುಗಿಯುವುದೇ?

ಜೂನ್ 22, ಭಾನುವಾರ

ಶ್ರಾವ್ಯಾ ಸಾಹೇಬಳಾಗಿ ಕುರ್ಚಿಯ ಮೇಲೆ ಕೂತಳು. ನಾನು ಎದುರಿಗೆ, ನೆಲದ ಮೇಲೆ.

"ವೈ ಡು ಯು ವಾಂಟ್ ಟು ಸ್ಟಡಿ ಲಿಟರೇಚರ್?"

ಬಿಕಾಸ್... ಅಲ್ಲಿಗೇ ನಿಂತೆ.

"ಮಮ್ಮಿ, ಬಿಕಾಸ್ ಕೆ ಬಾದ್ ಕುಛ್ ಆತಾ ಹೈ."

"ಗೊತ್ತೈತಿ. ಮುಂದಿಂದು ಬರಾಕತ್ತೇತಿ, ತಡಿ."

ಬರಲಿಲ್ಲ. ಆದರೆ ಯಾವ ಕಾದಂಬರಿ ಓದಿದ್ದೀರಿ ಎಂದು ಕೇಳಿದರೆ ಚಿಂತೆಯಿಲ್ಲ. ಮಾರ್ಥಾ ಇದ್ದಾಳೆ. ಅವಳ ಕತೆಯನ್ನು ನಿದ್ದೆಗಣ್ಣಿನಲ್ಲಿ ಎಬ್ಬಿಸಿದರೂ ಹೇಳುತ್ತೇನೆ.

ಜೂನ್ 23, ಸೋಮವಾರ. ಅಂಧೇರಿ ಸ್ಟೇಷನ್, ಪ್ಲಾಟ್‌ಫಾರಂ ಬೆಂಚು, 12.20

ಎರಡು ಲೋಕಲ್ ಬಿಟ್ಟೆ. ಹತ್ತಲು ಮನಸ್ಸಿಲ್ಲ.

ಕಾಲೇಜಿನ ಕೋಣೆಯೊಳಗೆ ಇಬ್ಬರಿದ್ದರು. ಒಬ್ಬ ಸರ್, ಕುತ್ತಿಗೆಗೆ ಕನ್ನಡಕ ಜೋತುಬಿಟ್ಟವರು. ಇನ್ನೊಬ್ಬರು ವಾರಿಜಾ ಮೇಡಮ್, ವಿಭಾಗದ ಮುಖ್ಯಸ್ಥೆ. ನನ್ನ ಹೆಸರು, ಊರು ನೋಡಿ "ಕನ್ನಡದವರಾ?" ಎಂದರು. ಅವರದು ಕುಂದಾಪುರದ ಕಡೆ. ಎದೆ ಹಗುರವಾಯಿತು. ಸರ್ ಕೇಳಿದ್ದು ನಾನು ಬಯಸಿದ್ದನ್ನೇ: ಓದಿದ ಒಂದು ಕಾದಂಬರಿಯ ಬಗ್ಗೆ ಹೇಳಿ.

ಹೇಳಿದೆ. ಇಂಗ್ಲಿಷಿನಲ್ಲಿ. ಮೊದಲು ತಡವರಿಸಿದೆ. ಆಮೇಲೆ ಗಡಿಯಾರಗಳು ಟಿಕ್ ಟಿಕ್ ಅನ್ನತೊಡಗಿದವು, ಬಂದರಿನ ಗಾಳಿ ಬಂತು, ಮಾತು ತಾನೇ ನಡೆಯಿತು. ಮಾರ್ಥಾ ಕಾಯುತ್ತಾಳೆ. ಚಳಿಗಾಲ. ಕಡೆಗೆ ಒಬ್ಬ ಗಡ್ಡದವನು ನಿಂತುಹೋದ ಗಡಿಯಾರ ರಿಪೇರಿಗೆಂದು ಬರುತ್ತಾನೆ. ಅವಳು ಮುಚ್ಚಳ ತೆಗೆದರೆ ಒಳಗೆ ತಾನೇ ಗೀಚಿದ ತಮ್ಮನ ಹೆಸರು. ಅವನೇ. ಸರ್ ಪೆನ್ನು ಕೆಳಗಿಟ್ಟು ಕೇಳುತ್ತಿದ್ದರು. ಇಷ್ಟು ಚೆನ್ನಾಗಿ ನಾನು ಎಂದೂ ಹೇಳಿರಲಿಲ್ಲ.

ಮುಗಿದ ಮೇಲೆ ಮೇಡಮ್ ಕುರ್ಚಿ ಮುಂದಕ್ಕೆಳೆದರು. ಆಮೇಲೆ ಕನ್ನಡದಲ್ಲಿ: "ಭುವನೇಶ್ವರಿ, ಆ ಪುಸ್ತಕ ನಾನು ಇಪ್ಪತ್ತು ವರ್ಷ ಪಾಠ ಮಾಡಿದ್ದೇನೆ. ಅದರಲ್ಲಿ ತಮ್ಮ ಬರುವುದೇ ಇಲ್ಲ ಮಾರಾಯ್ತಿ."

"ಬರ್ತಾನ್ರಿ ಮೇಡಮ್. ಕಡೀ ಅಧ್ಯಾಯದಾಗ."

"ಇಲ್ಲ. ನೀವು ಓದಿದ್ದು ಹೌದಾ?"

"ಓದೀನ್ರಿ. ಕೈಯಾರ ಹಿಡದು ಓದೀನಿ."

ಸರ್ ಇಂಗ್ಲಿಷಿನಲ್ಲಿ ಹೇಳಿದರು, ಮೇಡಮ್‌ಗೆ, ನಾನು ಅಲ್ಲಿ ಇಲ್ಲವೇನೋ ಎಂಬಂತೆ: ಓದಿಲ್ಲ ಇವರು, ಯಾರೋ ಹೇಳಿದ್ದನ್ನು ಕೇಳಿದ್ದಾರೆ. ಹಾಳೆಯ ಮೇಲೆ ಏನೋ ಬರೆದರು. ತಲೆಕೆಳಗಾಗಿದ್ದರೂ ನನಗೆ ಓದಲು ಬಂತು. Not read ಎಂದಿತ್ತು.

ಮೇಡಮ್ ಬಾಗಿಲವರೆಗೆ ಬಂದರು. "ಗುರುವಾರ ಇನ್ನೊಂದು ಸಲ ಬನ್ನಿ. ಹತ್ತು ಗಂಟೆಗೆ. ಎಂತ ಆಯ್ತು ಅಂತ ನೀವೇ ಯೋಚನೆ ಮಾಡಿ."

ಏನಾಯಿತು ಎಂದು ನನಗೆ ಗೊತ್ತಿಲ್ಲ. ತಮ್ಮ ಬಂದದ್ದನ್ನು ನಾನು ನೋಡಿದ್ದೇನೆ. ಆ ಮುಚ್ಚಳ ತೆಗೆದ ಸದ್ದು ಕೇಳಿದ್ದೇನೆ.

ಜೂನ್ 24, ಮಂಗಳವಾರ. ಬೆಳಿಗ್ಗೆ 6

ಹಾಸಿಗೆ ಪೆಟ್ಟಿಗೆಯ ಕೆಳಗಿಂದ ಹಳೆಯ ದಿನಚರಿಗಳನ್ನು ತೆಗೆದೆ. ಎಲ್ಲವೂ ಬೈಂಡಿಂಗಿನಲ್ಲಿ ಕತ್ತರಿಸಿ ಉಳಿದ ಕಾಗದದಿಂದ ನಾನೇ ಹೊಲಿದದ್ದು. ಮೂರು ವರ್ಷದ ಹಿಂದಿನದರಲ್ಲಿ ಸಿಕ್ಕಿತು. ಆಗಸ್ಟ್ 9. ಹಾಗೇ ನಕಲು ಮಾಡುತ್ತೇನೆ:

"ಲೈಬ್ರರಿಯ ಹಳೆ ಪುಸ್ತಕ, ಗಡಿಯಾರದಂಗಡಿಯದು. ಇಂದು ಹೊಲಿಗೆಗೆ ಬಿಚ್ಚಿದೆ. ಮೊದಲ ಪುಟ ಮೊದಲೇ ಇರಲಿಲ್ಲ. ಕೊನೆಯ ಫರ್ಮಾ ಕೂಡ ಇಲ್ಲ, ಹುಳ ತಿಂದಿದೆ. ಕೊನೆಯ ಪುಟಗಳಿಲ್ಲ ಎಂದು ಚೀಟಿ ಬರೆದು ಅಂಟಿಸಿದೆ. ಸ್ನೇಹಲಳಿಗೆ ಏನು ಹೇಳಲಿ? ಅವಳ ತಮ್ಮ ಮನೆ ಬಿಟ್ಟು ಹೋಗಿ ನಾಳೆಗೆ ಎರಡು ತಿಂಗಳು. ಫೋನಿಲ್ಲ."

ಮರುದಿನ, ಆಗಸ್ಟ್ 10, ಒಂದೇ ಸಾಲು:

"ಹೇಳಿದೆ. ಬಂದ."

ಆ ಚೀಟಿ ಅಂಟಿಸಿದ ಕೈ ಇದೇ. ಗಡ್ಡದವನನ್ನು ಬಾಗಿಲಿಗೆ ತಂದದ್ದೂ ನಾನೇ. ಆಮೇಲೆ ಎಷ್ಟು ಸಲ ಹೇಳಿದೆನೋ, ಹೇಳಿ ಹೇಳಿ ಅಚ್ಚಾದದ್ದು ಯಾವುದು, ನನ್ನದು ಯಾವುದು ಎನ್ನುವ ಹೊಲಿಗೆಯೇ ಕಾಣದ ಹಾಗೆ ಕೂಡಿಹೋಗಿದೆ. ಸರ್ ಬರೆದದ್ದು ಪೂರ್ತಿ ಸುಳ್ಳಲ್ಲ. ಕೊನೆಯ ಹದಿನಾರು ಪುಟ ನಾನು ಓದಿಲ್ಲ.

ಸಂತು ಚಹಾ ತಂದರು. ಈಗಲೇ ಪ್ರಾಕ್ಟೀಸ್ ಅಂತೆ. ಸಕ್ಕರೆ ಮರೆತಿದ್ದಾರೆ. ಕುಡಿದೆ.

"ಹೋಗ್ತಿಯೇನ ಗುರುವಾರ?"

"ಏನ ಮಕ ಇಟಗೊಂಡು ಹೋಗಲಿ?"

"ನಾ ಒಂದು ಟೈಲ್ ತಪ್ಪಿ ಹಾಕಿದ್ರ ಮನೀ ಬಿಟ್ಟು ಓಡಿ ಬರ್ತೀನೇನು? ಕಿತ್ತು ಮತ್ತ ಹಾಕ್ತೀನಿ. ಸಿಮೆಂಟ್ ಹಸಿ ಐತಿ, ಹೋಗು."

ಜೂನ್ 25, ಬುಧವಾರ. ಸಂಜೆಯ ಲೋಕಲ್

ಸ್ನೇಹಲಳಿಗೆ ಹೇಳಲೇಬೇಕು ಅನ್ನಿಸಿತು. ದಾದರಿನಿಂದ ಬಾಂದ್ರಾವರೆಗೆ ಬೇರೇನೇನೋ ಮಾತಾಡಿದೆ. ಅಂಧೇರಿಯಲ್ಲಿ ಕಾಲೇಜಿನ ದಿಕ್ಕು ಕಂಡಿತು, ಶುರು ಮಾಡಿದೆ. ಸ್ನೇಹಲ್, ಆ ಮಾರ್ಥಾತಾಯಿಯ ಕತೆ. ಅವಳ ತಮ್ಮ ಬರಲಿಲ್ಲ ಕಣೇ. ಆ ಕೊನೆ ನಾನು ಮಾಡಿದ್ದು. ಕಾಲೇಜಿನ ಮೇಡಮ್ ಹಿಡಿದುಬಿಟ್ಟರು, ನಾಳೆ ಮತ್ತೆ ಕರೆದಿದ್ದಾರೆ.

ಅವಳು ಶೇಂಗಾ ಪೊಟ್ಟಣ ಬಿಚ್ಚುತ್ತಿದ್ದಳು. ತಲೆ ಎತ್ತಲಿಲ್ಲ.

"ಮಲಾ ಮಾಹೀತ್ ಹೋತಂ," ಎಂದಳು. ಗೊತ್ತಿತ್ತು ನನಗೆ.

"ಹೇಗೆ?"

"ಕಾಂದಿವಲಿಯಲ್ಲಿ ನೀನು ನನ್ನ ಮುಖ ನೋಡಿದೆ. ಬೋರಿವಲಿಯಲ್ಲಿ ಅವನು ಬಂದ. ಹತ್ತು ದಿನ ಬಾರದವನು, ಒಂದು ಸ್ಟೇಷನ್ನಿನಲ್ಲಿ ಬಂದುಬಿಟ್ಟ. ನಾನೇನು ಯೇಡಿಯೇ, ಅಷ್ಟು ದಡ್ಡಿಯೇ?"

"ಮತ್ತೆ ಹೂಂ ಅಂದೆಯಲ್ಲ."

"ಅವತ್ತು ಬೇಕಿತ್ತು. ಅಂದೆ." ಕೈಗೆ ಶೇಂಗಾ ಸುರಿದಳು. "ನನ್ನ ತಮ್ಮ ಬಂದನೇ? ಇಲ್ಲ. ದೀಪಾವಳಿಗೆ ಎರಡು ನಿಮಿಷ ಫೋನು ಮಾಡುತ್ತಾನೆ. ನಾನು ಬದುಕಿಲ್ಲವೇ? ಹೋಗು, ನಾಳೆ ಆ ಮೇಡಮ್‌ಗೆ ನಿಜ ಹೇಳು. ಆದರೆ ನಿಜವಾದ ಕೊನೆ ಏನು ಅಂತ ನನಗೂ ಬಂದು ಹೇಳಬೇಕು. ಮೂರು ವರ್ಷ ಕಾದಿದ್ದೇನೆ."

ಹೊರಗೆ ಮಳೆ ಶುರು. ಎಲ್ಲರೂ ಶಟರ್ ಇಳಿಸಿದರು. ಡಬ್ಬಿಯೊಳಗೆ ಕತ್ತಲೆ, ಬೆಚ್ಚಗೆ, ಶೇಂಗಾ ವಾಸನೆ.

ಜೂನ್ 26, ಗುರುವಾರ. ಸಂಜೆ, ದಹಿಸರ್

ಹಳೆಯ ದಿನಚರಿಯನ್ನೇ ಒಯ್ದೆ. ಮೇಡಮ್ ಒಬ್ಬರೇ ಇದ್ದರು. ಆಗಸ್ಟ್ 9 ಓದಿದರು. ಮತ್ತೆ 10. ಕನ್ನಡಕ ಒರೆಸಿದರು. ನನ್ನನ್ನು ಲೈಬ್ರರಿಗೆ ಕರೆದೊಯ್ದು ಒಂದು ಪುಸ್ತಕ ಕೊಟ್ಟರು. "ಕೊನೆಯ ಅಧ್ಯಾಯ ಓದಿ. ಒಂದು ಗಂಟೆ. ಅದರಲ್ಲಿ ಎಂತ ಉಂಟೋ ಅಷ್ಟೇ ಹೇಳಬೇಕು, ಸೇರಿಸುವ ಹಾಗಿಲ್ಲ."

ಉದ್ದನೆಯ ಮೇಜು. ಎತ್ತರದ ಕಿಟಕಿ. ಮೇಲೆ ಫ್ಯಾನು. ಪುಸ್ತಕ ಇಡಿಯಾಗಿತ್ತು. ಮೊದಲ ಪುಟ, ಕೊನೆಯ ಪುಟ, ನಡುವೆ ಎಲ್ಲ ಫರ್ಮಾ. ಮೊದಲು ಬೆನ್ನಿನ ಹೊಲಿಗೆ ನೋಡಿದೆ. ಬಿಗಿಯಾಗಿದೆ. ನಮ್ಮ ಬೈಂಡಿಂಗಿನದಲ್ಲ.

ಒಂದು ಪತ್ರ ಬರುತ್ತದೆ. ಮಾರ್ಥಾ ಓಡಿಬಂದು ತೆಗೆದುಕೊಳ್ಳುತ್ತಾಳೆ. ಅದು ಆ ಅಂಗಡಿಯಲ್ಲಿ ಮೊದಲಿದ್ದ ಬಾಡಿಗೆಯವರಿಗೆ ಬಂದದ್ದು. ಅವಳು ಸರಿಯಾದ ವಿಳಾಸ ಬರೆದು ಅಂಚೆಯವನ ಕೈಗೇ ಹಿಂತಿರುಗಿಸುತ್ತಾಳೆ. ಅಂದು ಶನಿವಾರ. ವಾರದ ಕೀಲಿ ಕೊಡುವ ದಿನ. ಒಂದೊಂದಾಗಿ ಎಲ್ಲ ಗಡಿಯಾರಕ್ಕೂ ಕೀಲಿ ಕೊಟ್ಟು ಬಾಗಿಲು ಹಾಕುತ್ತಾಳೆ. ಅಷ್ಟೇ.

ಮೊದಲ ಸಲ ಓದಿದಾಗ ಸಿಟ್ಟು ಬಂತು. ಇಷ್ಟು ದೂರ ಕರೆತಂದು ಹೀಗೆ ಎಬ್ಬಿಸಿ ಕಳಿಸುವುದೇ? ಎರಡನೆಯ ಸಲ ಕೈ ತಡೆಯಲಿಲ್ಲ — ಮನಸ್ಸಿನಲ್ಲೇ ಗಡ್ಡದವನನ್ನು ಬೀದಿಯ ತಿರುವಿನವರೆಗೆ ತಂದುಬಿಟ್ಟಿದ್ದೆ. ವಾಪಸು ಕಳಿಸಿದೆ. ಮೂರನೆಯ ಸಲ ಓದುವಾಗ ಯಾರೂ ಬರಲಿಲ್ಲ. ಅವಳು ಕೀಲಿ ತಿರುಗಿಸುವುದು ಮಾತ್ರ ಕೇಳಿಸಿತು. ಒಂದು, ಎರಡು, ಮೂರು... ಹದಿನಾಲ್ಕು ಗಡಿಯಾರ. ಬರೆದವರು ಒಂದನ್ನೂ ಬಿಟ್ಟಿಲ್ಲ. ಹದಿನಾಲ್ಕನ್ನೂ ಬರೆದಿದ್ದಾರೆ. ಕಿಟಕಿಯ ಬಿಸಿಲು ಮೇಜಿನ ಒಂದು ಅಂಚಿನಿಂದ ಇನ್ನೊಂದಕ್ಕೆ ಸರಿದಿತ್ತು, ನನಗೆ ಗೊತ್ತಾಗಿರಲಿಲ್ಲ.

ಮೇಡಮ್ ಮುಂದೆ ಹೇಳಿದೆ. ಇದ್ದಷ್ಟೇ. ನಾಲಗೆಯನ್ನು ಹಗ್ಗ ಕಟ್ಟಿ ಹಿಡಿದ ಹಾಗಾಯಿತು.

ಅವರು ಕೇಳಿದರು: "ಈಗ ಹೇಳಿ. ಯಾವುದು ಒಳ್ಳೆಯದು? ನಿಮ್ಮದಾ, ಇದಾ?"

ಶ್ರಾವ್ಯಾ ಕಲಿಸಿದ ಉತ್ತರ ಯಾವುದೂ ಹೊಂದಲಿಲ್ಲ. ಅಂದೆ, "ಮೇಡಮ್, ನಂದು ಯಾರಿಗೆ ಬೇಕಾಗಿತ್ತು ನನಗ ಗೊತ್ತೈತ್ರಿ. ಎದುರಿಗೆ ಕುಂತಿದ್ಲು. ಕೇಳೋರ ಮಕ ನೋಡಿ ಕತಿ ಮುಗಸು ಅಂತ ನಮ್ಮ ಅಜ್ಜಿ ಕಲಿಸ್ಯಾಳ್ರಿ. ಇದು ಯಾರ ಮಕ ನೋಡಿ ಬರದಾರ, ಅದು ತಿಳೀವಲ್ದು. ಯಾರೂ ಎದುರಿಗೆ ಇಲ್ಲದ ಹೆಂಗ ಬರೀತಾರ... ಅದನ್ನ ಕಲೀಬೇಕಂತ ಬಂದೀನ್ರಿ."

ಬಿಕಾಸ್ ಆದಮೇಲೆ ಬರಬೇಕಾಗಿದ್ದು ಇದೇ ಇರಬೇಕು. ತಡವಾಗಿ ಬಂತು, ಅದೂ ಕನ್ನಡದಲ್ಲಿ.

ಮೇಡಮ್ ಹಾಳೆ ತಿರುಗಿಸಿದರು. ಸರ್ ಬರೆದದ್ದರ ಕೆಳಗೆ ಏನೋ ಬರೆದರು. ಈ ಸಲ ಕೈ ಅಡ್ಡ ಇಟ್ಟಿದ್ದರು, ಕಾಣಲಿಲ್ಲ.

"ಇಲ್ಲಿ ನಿಮ್ಮ ಅಜ್ಜಿಯ ಹಾಗೆ ಬರೆದರೆ ಮಾರ್ಕ್ಸ್ ಸಿಗುವುದಿಲ್ಲ. ಅದು ಗೊತ್ತುಂಟಲ್ಲ?"

"ಗೊತ್ತೈತ್ರಿ."

"ಸರ್ ಒಪ್ಪಬೇಕು. ಲಿಸ್ಟು ಬರುವವರೆಗೆ ನಾನು ಎಂತದೂ ಹೇಳುವುದಿಲ್ಲ. ಗ್ಯಾಪ್ ಸರ್ಟಿಫಿಕೇಟ್ ತಂದಿದ್ದೀರಾ?"

ತಂದಿರಲಿಲ್ಲ.

ಜೂನ್ 27, ಶುಕ್ರವಾರ. ಲೋಕಲ್

ಸ್ನೇಹಲಳಿಗೆ ನಿಜವಾದ ಕೊನೆ ಹೇಳಿದೆ. ಹದಿನಾಲ್ಕೂ ಗಡಿಯಾರ. ಅವಳ ಮುಖ ನೋಡಲಿಲ್ಲ, ಕಿಟಕಿಯ ಕಡೆ ತಿರುಗಿ ಹೇಳಿದೆ. ಹೂಂ ಬರಲಿಲ್ಲ. ಮುಗಿದ ಮೇಲೆ ನೋಡಿದರೆ ಕಣ್ಣು ಮುಚ್ಚಿ ಕೂತಿದ್ದಳು.

"ನಿದ್ದೆಯೇ?"

"ಗಪ್ಪ ಬಸ್, ಸುಮ್ಮನೆ ಕೂತಿರು. ಇನ್ನೂ ಟಿಕ್ ಟಿಕ್ ಅಂತಿದೆ."

ಜುಲೈ 5, ಶನಿವಾರ. ಬೈಕುಲ್ಲಾ

ಲಿಸ್ಟು ಇಂದೂ ಬಂದಿಲ್ಲ. ಸರ್ವರ್ ಡೌನ್ ಅಂತೆ. ಕೈ ಹಾಳೆ ಮಡಚುತ್ತದೆ, ಕಿವಿ ಮೊಬೈಲಿನಲ್ಲಿ. ಎರಡು ಫರ್ಮಾ ತಲೆಕೆಳಗು ಸೇರಿಸಿದೆ. ಹನ್ನೊಂದು ವರ್ಷದಲ್ಲಿ ಮೊದಲ ಸಲ. ಗುರಲಿಂಗಪ್ಪ ಮಾಮಾ ಬೈಯಲಿಲ್ಲ. ತಾವೇ ಹೊಲಿಗೆ ಬಿಚ್ಚಿ ಸರಿಮಾಡುತ್ತಾ, ನನ್ನ ಕಡೆ ನೋಡದೆ ಅಂದರು:

"ಹನ್ನೊಂದಕ್ಕ ಕಾಲೇಜು ಬಿಟ್ರ ಇಲ್ಲಿಗೆ ಬರಾಕ ಹನ್ನೆರಡೂವರಿ ಆಕ್ಕತಿ. ಸಂಜೀಕ ಒಂದು ತಾಸು ಹೆಚ್ಚಿಗಿ ಕುಂದ್ರು. ಮತ್ತ ಈ ಹಿಂಗ ತಲಿಕೆಳಗ ಹೊಲಿಯೂದು ಬಿಡು."

"ಸೀಟ ಸಿಕ್ಕಿಲ್ಲರಿ ಮಾಮಾ ಇನ್ನ."

"ಸಿಕ್ಕಿಲ್ಲಂತ ಯಾರು ಅಂದ್ರು? ಬಂದಿಲ್ಲ, ಅಷ್ಟ."

ಜುಲೈ 14, ಸೋಮವಾರ. ಬೆಳಿಗ್ಗೆ 7.05. ರೂಮ್ ನಂಬರ್ 12

ಇಂಗ್ಲಿಷ್ ಮೇಜರಿನ ಮೊದಲ ಕ್ಲಾಸು, ಹಿಂದಿನಿಂದ ಎರಡನೆಯ ಬೆಂಚು. ಪಕ್ಕದ ಹುಡುಗಿ "ಆಂಟಿ, ಪೇರೆಂಟ್ಸ್ ಹೊರಗೆ ಕೂರಬೇಕು" ಎಂದಳು, ಪಾಪ, ಮೆತ್ತಗೆ. ಐಡಿ ಕಾರ್ಡು ತೋರಿಸಿದೆ. ಫೋಟೋದಲ್ಲಿ ನನ್ನ ಬಾಯಿ ತೆರೆದಿದೆ. ಅವಳು ಬ್ಯಾಗು ಸರಿಸಿ ಜಾಗ ಮಾಡಿಕೊಟ್ಟಳು. 6.12ರ ಲೋಕಲಿನಲ್ಲಿ ಕಿಟಕಿ ಸಿಕ್ಕಿತ್ತು, ಪರಿಚಯದವರು ಯಾರೂ ಇಲ್ಲ. ಗೋರೆಗಾಂವ್ ದಾಟುವಾಗ ಬೆಳಕು ಹರಿಯಿತು, ಪೂರ್ತಿ ಹರಿಯಲಿಲ್ಲ, ಮಳೆಯ ಬೆಳಕು.

ಬಂದದ್ದು ಸರ್. ಕುತ್ತಿಗೆಯ ಕನ್ನಡಕ. ನನ್ನನ್ನು ನೋಡಿದರು, ಗುರುತು ಹಿಡಿದರು. ರಿಜಿಸ್ಟರ್ ತೆರೆದಿದ್ದಾರೆ. ಇಲ್ಲಿ ಹೆಸರು ಕರೆಯುವುದಿಲ್ಲ, ನಂಬರು ಮಾತ್ರ. ನನ್ನದು ಮೂವತ್ತೇಳು. ಪ್ರೆಸೆಂಟ್ ಸರ್ ಅನ್ನಬೇಕೋ, ಯೆಸ್ ಸರ್ ಅನ್ನಬೇಕೋ... ಒಬ್ಬೊಬ್ಬರು ಒಂದೊಂದು ಅನ್ನುತ್ತಿದ್ದಾರೆ. ಮೂವತ್ತನಾಲ್ಕು ಆಬ್ಸೆಂಟ್. ಮೂವತ್ತೈದು ಈ ಪಕ್ಕದ ಹುಡುಗಿ. ಮೂವತ್ತಾರು —